ಟ್ರ್ಯಾಕ್ಟರ್ ಸೀಟಿನ ಚೀಲ ಹೊತ್ತು ಯುರೋಪಿಗೆ

ವಿಯೆನ್ನಾ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ವಿಯೆನ್ನಾದ ರೈಲು ನಿಲ್ದಾಣದಲ್ಲಿ ನಾನು ಸೀಟು ಹಿಡಿದೆ. ಸೀಟು ಹಿಡಿದದ್ದು ತಪ್ಪಲ್ಲ. ಆದರೆ ಅದನ್ನು ಹಿಡಿದದ್ದು ಮಧುಗಿರಿ ಬಸ್ ಸ್ಟ್ಯಾಂಡಿನ ರೀತಿಯಲ್ಲಿ.

ನಮ್ಮ ಕಡೆ ಪ್ರೈವೇಟ್ ಬಸ್ಸು ಬಂದು ನಿಂತ ಕೂಡಲೇ ಕಿಟಕಿಯಿಂದ ಒಂದು ಟವಲ್ ಎಸೆಯುತ್ತೇವೆ. ಅದು ಬಿದ್ದ ಸೀಟು ನಮ್ಮದು. ಆ ಟವಲನ್ನು ತಹಶೀಲ್ದಾರರು ಬಂದರೂ ಎತ್ತುವುದಿಲ್ಲ. ಆಮೇಲೆ ಇಳಿದು ಹೋಗಿ ನಿಧಾನವಾಗಿ ಟೀ ಕುಡಿಯುತ್ತೇವೆ. ಬಸ್ಸು ಬಿಟ್ಟು ಹೋಗುತ್ತದೆಂಬ ಭಯವಿಲ್ಲ. ಡ್ರೈವರ್ ಮೊದಲು ಹಾರನ್ ಹೊಡೆಯುತ್ತಾನೆ, ಆಮೇಲೆ ಎರಡಡಿ ಮುಂದೆ ತಂದು ಒಂದಡಿ ಹಿಂದೆ ಹೋಗುತ್ತಾನೆ. ಕಂಡಕ್ಟರ್ "ಪಾವಗಡ ಪಾವಗಡ ಪಾವಗಡ" ಎಂದು ಇನ್ನೊಂದು ಸುತ್ತು ಕೂಗುತ್ತಾನೆ. ಆಗಲೂ ನಾವು ಹತ್ತದಿದ್ದರೆ ಒಳಗಿರುವ ಯಾರೋ ಪುಣ್ಯಾತ್ಮರು, "ಇರಪ್ಪಾ, ಈ ಟವಲ್ನೋನು ಟೀ ಕುಡೀತಾವ್ನೆ, ಬರ್ಲಿ" ಅನ್ನುತ್ತಾರೆ.

ವಿಯೆನ್ನಾದಲ್ಲಿ ಸಾಲ್ಜ್‌ಬರ್ಗಿನ ರೈಲು ಬಂದು ನಿಂತಿತು. ಒಳಗೆ ಹೋಗಿ ಕಿಟಕಿ ಪಕ್ಕದ ಸೀಟಿನ ಮೇಲೆ ನನ್ನ ಬೆನ್ನುಚೀಲ ಇಟ್ಟೆ. ನಾನೇ ಕೂತಿದ್ದೇನೆ ಅನ್ನಿಸುವಂತೆ ನೆಟ್ಟಗೆ ಕೂರಿಸಿ, ಇಳಿದು ಬಂದು ಕಾಫಿ ತೆಗೆದುಕೊಂಡೆ. ಹಾರನ್ ಕೇಳಿದ ಮೇಲೆ ಹತ್ತಿದರಾಯಿತು ಎಂದು ಕಾಫಿಯನ್ನು ಊದುತ್ತಾ ನಿಂತೆ.

ಹಾರನ್ ಬರಲೇ ಇಲ್ಲ. ಹಸುಗೂಸು ಆಕಳಿಸಿದಷ್ಟು ಸಣ್ಣ ಸದ್ದು ಮಾಡಿ ಬಾಗಿಲು ಮುಚ್ಚಿಕೊಂಡಿತು. ರೈಲು ಎರಡಡಿ ಮುಂದೆ ಹೋಯಿತು. ಈಗ ಹಿಂದೆ ಬರುತ್ತದೆ ಎಂದು ನಾನು ಕಾದೆ. ಅದು ಹೋಗುತ್ತಲೇ ಇತ್ತು.

ಓಡಿದೆ. "ಓಲ್ಡಾನ್! ಓಲ್ಡಾನ್!" ಎಂದು ಕೂಗಿದೆ. ನಮ್ಮ ಬಸ್ಸಿಗೆ ಬಡಿಯುವ ಹಾಗೆ ಅಂಗೈಯಲ್ಲಿ ರೈಲಿನ ಮೈಗೆ ಪಟಪಟ ಎರಡು ಬಡಿದೆ. ತಿರುಗಿ ನೋಡಿದ್ದು ಒಂದು ಪಾರಿವಾಳ ಮಾತ್ರ.

ಚೀಲದಲ್ಲಿ ನನ್ನ ಪಾಸ್‌ಪೋರ್ಟ್ ಇತ್ತು, ಬ್ಯಾಂಕ್ ಕಾರ್ಡ್ ಇತ್ತು, ತಿಂಗಳ ಬಟ್ಟೆ ಇತ್ತು, ಅಮ್ಮನ ನಿಪ್ಪಟ್ಟು ಇತ್ತು. ನನ್ನ ಹತ್ತಿರ ಉಳಿದದ್ದು ರೈಲು ಪಾಸ್ ಇದ್ದ ಫೋನು, ಅರ್ಧ ಕಪ್ ಕಾಫಿ ಮತ್ತು ಕೊಡಿಗೇನಹಳ್ಳಿ ಮನೆಯ ಬೀಗದ ಕೈ. ಮೂವತ್ತು ದಿನದ ಪ್ರವಾಸದ ನಾಲ್ಕನೇ ದಿನ ಅದು. ಪಾಸ್‌ಪೋರ್ಟ್ ಸಿಗದಿದ್ದರೆ ಮುಂದಿನ ರೈಲು ಯಾವುದೂ ಇಲ್ಲ. ಯಾರದೋ ಕೈಕಾಲು ಹಿಡಿದು ಕಾಗದ ಮಾಡಿಸಿಕೊಂಡು ವಾಪಸ್ ವಿಮಾನ ಹತ್ತಬೇಕು, ಅಷ್ಟೇ.

ಈ ಬುದ್ಧಿವಂತಿಕೆ ಎಲ್ಲಿಂದ ಬಂತು ಎಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಶಿರಾ

ನಾನು ಪಾವಗಡದ ಕಡೆ ಸೋಲಾರ್ ಪಾರ್ಕಿನಲ್ಲಿ ಟೆಕ್ನಿಷಿಯನ್. ಬಿಸಿಲಲ್ಲಿ ನಿಂತು, ಬಿಸಿಲು ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ನೋಡಿಕೊಳ್ಳುವುದು ನನ್ನ ಉದ್ಯೋಗ. ಮಧ್ಯಾಹ್ನ ಊಟವಾದ ಮೇಲೆ ಪ್ಯಾನೆಲ್ಲಿನ ನೆರಳಿಗೆ ತೂರಿಕೊಂಡು ಫೋನಿನಲ್ಲಿ ರೈಲಿನ ವಿಡಿಯೋ ನೋಡುತ್ತಿದ್ದೆ. ಕೆಂಪು ರೈಲೊಂದು ಹಿಮದ ಬೆಟ್ಟ ಸುತ್ತಿ ನೀಲಿ ಕೆರೆಯ ಪಕ್ಕ ಹಾದುಹೋಗುತ್ತದೆ. ನಲವತ್ತು ಡಿಗ್ರಿಯಲ್ಲಿ ಅದನ್ನು ದಿನಾ ನೋಡಿದವನಿಗೆ ತಲೆ ಕೆಡದೆ ಇರುತ್ತದೆಯೇ? ನನಗೂ ಕೆಟ್ಟಿತು.

ರಜೆ ಕೂಡಿಟ್ಟೆ, ದುಡ್ಡು ಕೂಡಿಟ್ಟೆ, ಪ್ಲಾನ್ ಹಾಕಿದೆ. ಮೊದಲ ಪ್ಲಾನಿನಲ್ಲಿ ಮೂವತ್ತು ದಿನಕ್ಕೆ ಹದಿನಾಲ್ಕು ದೇಶ. ಅಮ್ಮನಿಗೆ ಓದಿ ಹೇಳಿದೆ.

"ಅದ್ನಾಕು ದೇಸ್ವಾ?" ಅಂದಳು ಅಮ್ಮ, ಅವರೆಕಾಯಿ ಬಿಡಿಸುತ್ತಾ. "ಸಾಸ್ವೆ ತತ್ತೀನಿ ಅಂತ ಅಂಗ್ಡಿಗೋಗಿ ಜೀರ್ಗೆ ತಂದೋನು ಕಣ್ಲಾ ನೀನು. ಒಂದ್ ದೇಸುಕ್ಕೆ ಓಗಿ ಇನ್ನೊಂದ್ರಾಗೆ ಇಳ್ದೀಯ, ನೋಡ್ಕ."

ಬೆನ್ನಿಗೆ ಹಾಕುವ ಚೀಲ ಬೇಕಿತ್ತು. ಅಷ್ಟರಲ್ಲಿ ಅಪ್ಪನ ಟ್ರ್ಯಾಕ್ಟರ್ ಸೀಟು ಹರಿದು, ಅದನ್ನು ಶಿರಾಕ್ಕೆ ತೆಗೆದುಕೊಂಡು ಹೋದೆ. ಅಲ್ಲಿ ಖಾದರ್ ಚಾಚಾ ಅವರ ಅಂಗಡಿ ಇದೆ. ಟ್ರ್ಯಾಕ್ಟರು, ಆಟೋ, ಬಸ್ಸು, ಯಾವುದರ ಸೀಟಾದರೂ ಹೊಲಿಯುತ್ತಾರೆ. ನಮ್ಮ ತಾಲೂಕುಗಳಲ್ಲಿ ಚಾಚಾ ಹೊಲಿದ ಸೀಟಿನ ಮೇಲೆ ಕೂರದೆ ಯಾರೂ ದೊಡ್ಡವರಾಗಿಲ್ಲ. ಮಾತಿನ ಮಧ್ಯೆ ಯುರೋಪು, ಬ್ಯಾಗು ಅಂದೆ. ಚಾಚಾ ಮಷೀನು ನಿಲ್ಲಿಸಿದರು.

"ಅರೇ, ಬ್ಯಾಗ್ ತಗಳಕ್ಕೆ ಬೆಂಗ್ಳೂರ್ಗೋಯ್ತೀಯಾ? ನಾನು ಸತ್ತೋಗಿದ್ದೀನಾ?"

"ಅಂಗಲ್ಲ ಚಾಚಾ, ಅದು ಬ್ಯಾರೆ ಥರ ಬ್ಯಾಗು. ಮಜಬೂತಾಗಿರ್ಬೇಕು."

"ಈ ರೆಕ್ಸಿನ್ನು ನಿಮ್ಮಪ್ಪುನ್ನ ಹತ್ ವರ್ಷ ತಡ್ಕಂಡೈತೆ. ನಿನ್ ಚಡ್ಡಿ ಬನೀನು ತಡ್ಕಳಲ್ವೇನೋ?"

ನಾನು ಬಾಯಿ ತೆರೆಯುವ ಮೊದಲೇ ಚಾಚಾ ಎದ್ದರು. ಟೇಪ್ ಹಿಡಿದು ನನ್ನ ಬೆನ್ನು ಅಳೆದರು. ಎರಡು ವಾರ ಬಿಟ್ಟು ಹೋದರೆ ಚೀಲ ತಯಾರು. ಕುಂಕುಮದ ಬಣ್ಣದ ಟ್ರ್ಯಾಕ್ಟರ್ ರೆಕ್ಸಿನ್ನು, ಅಂಚಿಗೆ ಹಳದಿ ಪೈಪಿಂಗು. ಬೆನ್ನ ಮೇಲೆ ಲಾರಿಗಳಿಗೆ ಬರೆಸುವಂಥ ದಪ್ಪಕ್ಷರ. ಬಿಳಿ ರೆಕ್ಸಿನ್ನಿನಲ್ಲಿ ಒಂದೊಂದೇ ಅಕ್ಷರ ಕತ್ತರಿಸಿ ಹೊಲಿದಿದ್ದರು: ಮಂಜುನಾಥ, ಕೊಡಿಗೇನಹಳ್ಳಿ.

"ಚಾಚಾ, ಎಸ್ರು ಯಾಕಾಕುದ್ರಿ? ಅಲ್ಲಿ ಯಾರ್ಗೂ ಓದಾಕ್ ಬರಲ್ಲ."

"ಓದಕ್ಕಲ್ವೋ ಬೇಟಾ. ಇದು ಯಾರೋ ಒಬ್ರುದು, ಬಿದ್ದಿರೋ ಮಾಲಲ್ಲ ಅಂತ ಗೊತ್ತಾಗಕ್ಕೆ."

ಜೊತೆಗೆ ಸೊಂಟಕ್ಕೆ ಕಟ್ಟುವ ಬಟ್ಟೆಯ ಚೀಲವೊಂದನ್ನೂ ಕೊಟ್ಟರು. ಕುರಿ ಸಂತೆಗೆ ಬರುವ ವ್ಯಾಪಾರಿಗಳು ಅಂಗಿಯೊಳಗೆ ಕಟ್ಟಿಕೊಳ್ಳುತ್ತಾರಲ್ಲ, ಅಂಥದ್ದು. "ಪಾಸ್‌ಪೋರ್ಟು ಇದ್ರಾಗಿಡು. ಮೈಮೇಲಿರ್ಬೇಕು. ಸ್ನಾನ ಮಾಡೋವಾಗ ಮಾತ್ರ ಬಿಚ್ಚು." ನಾನು ಕುರಿ ಕೊಳ್ಳಲು ಹೋಗುತ್ತಿದ್ದೇನೆಯೇ ಎಂದು ಒಳಗೊಳಗೇ ನಕ್ಕು, ಅದನ್ನು ಮಡಚಿ ದೊಡ್ಡ ಚೀಲದ ತಳಕ್ಕೆ ತುರುಕಿದೆ.

ಹದಿನಾಲ್ಕು ದೇಶದ ಪಟ್ಟಿಯನ್ನೂ ತೋರಿಸಿದೆ. ಚಾಚಾ ಕನ್ನಡಕ ಏರಿಸಿ ಓದಿದರು. "ಯಾರಾದ್ರೂ ಅಟ್ಟುಸ್ಕಂಡು ಬತ್ತಾವ್ರಾ ನಿನ್ನ? ಒಂದ್ ಊರಲ್ಲಿ ಕುಂತ್ಕ, ಟೀ ಕುಡಿ, ಜನುನ್ನ ನೋಡು." ಸೀಮೆಸುಣ್ಣದಲ್ಲಿ ಒಂಬತ್ತು ದೇಶ ಹೊಡೆದುಹಾಕಿದರು. ಫ್ರಾನ್ಸು ಹೋದಾಗ ನನಗೆ ಅಳು ಬಂತು.

ಕೂಲಿ ಬೇಡ ಅಂದರು. ಕೇಳಿದ್ದು ಒಂದನ್ನೇ. "ಅಲ್ಲಿ ರೈಲು ಸೀಟು ಹೆಂಗ್ ಹೊಲೀತಾರೆ, ಫೋಟೋ ಹೊಡ್ಕಂಡು ಬಾ. ಮೇಲೆ ಅಲ್ಲ, ಅಡೀಲಿ, ಮೂಲೇಲಿ. ಮೂವತ್ತೈದ್ ವರ್ಷದಿಂದ ನನ್ ಹೊಲಿಗೆ ನಾನೇ ನೋಡ್ಕಂಡು ಕುಂತಿದ್ದೀನಿ. ಆ ಕಡೇವ್ರ ಕೈ ಹೆಂಗೈತೆ ಅಂತ ಒಂದ್ಸಲ ನೋಡ್ಬೇಕು."

ಕೊರಟಗೆರೆ, ಪಾವಗಡ

ಯುರೋಪಿಗೆ ಮೊದಲು ತಾಲೀಮು ಮಾಡುವುದೆಂದು ತೀರ್ಮಾನಿಸಿದೆ. ಚೀಲಕ್ಕೆ ಹನ್ನೆರಡು ಕಿಲೋ ರಾಗಿಹಿಟ್ಟು ತುಂಬಿ, ಮಧುಗಿರಿಯಿಂದ ಕೊರಟಗೆರೆ, ಅಲ್ಲಿಂದ ಶಿರಾ, ಅಲ್ಲಿಂದ ಪಾವಗಡ ಎಂದು ಒಂದೇ ದಿನದಲ್ಲಿ ಬಸ್ಸಿನಲ್ಲಿ ಸುತ್ತಿದೆ. ಅಂತರರಾಷ್ಟ್ರೀಯ ಅನುಭವ ಬರಲೆಂದು ಯಾರ ಜೊತೆಯೂ ಮಾತಾಡಬಾರದೆಂದುಕೊಂಡಿದ್ದೆ. ಮಾತಾಡದೆ ಇರಲು ಜನ ಬಿಡಬೇಕಲ್ಲ.

ಕೊರಟಗೆರೆ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹೆಂಗಸು ಚೀಲವನ್ನು ಬೆರಳಲ್ಲಿ ಒತ್ತಿ ನೋಡಿ, "ಏನ್ ಮಾರ್ತೀಯಪ್ಪ, ಸೀಟ್ ಕವರ್ರಾ? ನಮ್ ಗಾಡೀಗೂ ಒಂದ್ ಬೇಕಾಗಿತ್ತು" ಅಂದಳು. ಪಾವಗಡದಲ್ಲಿ ಇಳಿದಾಗ ಹೂವಿನ ಬುಟ್ಟಿಯ ಅಜ್ಜಿ, "ಏಮಪ್ಪಾ, ಸಂಚಿ ನಿಂಡಾ ಏಮುಂದಿ?" ಎಂದು ತೆಲುಗಿನಲ್ಲಿ ಕೇಳಿದಳು. ಚೀಲದ ತುಂಬ ರಾಗಿಹಿಟ್ಟು ಅಂದೆ. "ಯಾಡಿಕಿ ಎತ್ತುಕೊನಿ ಪೋತುನ್ನಾವು?" ಎಲ್ಲಿಗೂ ಇಲ್ಲ, ವಾಪಸ್ ಊರಿಗೇ ಅಂದೆ. ಅಜ್ಜಿ ನನ್ನನ್ನು ಬಹಳ ಹೊತ್ತು ನೋಡಿ, ಪಾಪ ಎಂದು ಒಂದು ಬಾಳೆಹಣ್ಣು ಕೊಟ್ಟಳು.

ಆ ದಿನ ಕೊರಟಗೆರೆಯಲ್ಲಿ ಚೀಲವನ್ನು ಸೀಟಿನ ಮೇಲೆ ಇಟ್ಟು ಇಳಿದು ಟೀ ಕುಡಿದಿದ್ದೆ. ಬಸ್ಸು ಕಾದಿತ್ತು, ಚೀಲವೂ ಇತ್ತು. ತಾಲೀಮಿನ ಪುಸ್ತಕದಲ್ಲಿ ಬರೆದುಕೊಂಡೆ: "ಬ್ಯಾಗ್ ಸೀಟಿನಲ್ಲಿ ಬಿಟ್ಟು ಇಳಿಯಬಹುದು. ತೊಂದರೆ ಇಲ್ಲ." ಕೆಳಗೆ ಎರಡು ಗೆರೆಯನ್ನೂ ಎಳೆದೆ.

ಪ್ರಾಗ್

ಪ್ರಾಗ್ ಊರನ್ನು ಕಟ್ಟಿದವರು ಯಾರನ್ನೋ ಮೆಚ್ಚಿಸಲು ಕಟ್ಟಿರಬೇಕು. ಅಷ್ಟು ಚೆಂದ. ರಸ್ತೆಯಲ್ಲಿ ಯಾರೂ ಹಾರನ್ ಹೊಡೆಯುವುದಿಲ್ಲ. ಎರಡು ದಿನ ನನ್ನ ಕಿವಿ ಕೆಟ್ಟಿದೆ ಎಂದೇ ಅಂದುಕೊಂಡಿದ್ದೆ.

ನಾನು ಇಳಿದುಕೊಂಡ ಹಾಸ್ಟೆಲಿಗೆ ಲಿಫ್ಟ್ ಇರಲಿಲ್ಲ. ಐದು ದೇಶಕ್ಕೆ ಇಳಿಸಿದ್ದರೂ ಬಟ್ಟೆ ಮಾತ್ರ ಹದಿನಾಲ್ಕು ದೇಶದ್ದೇ ತುಂಬಿದ್ದೆನಲ್ಲ, ಒಂದೇ ಹೆಗಲಪಟ್ಟಿ ಹಿಡಿದು ನಾಲ್ಕು ಮಹಡಿ ಚೀಲವನ್ನು ದರದರ ಎಳೆದೆ. ಮೂರನೇ ಮಹಡಿಯಲ್ಲಿ ಪರ್ ಎಂದಿತು. ಬಲಗಡೆಯ ಪಟ್ಟಿ ಬುಡದಲ್ಲಿ ಮುಕ್ಕಾಲು ಕಿತ್ತುಬಂದಿತ್ತು. ತಪ್ಪು ಹೊಲಿಗೆಯದಲ್ಲ, ಎಳೆದ ಕತ್ತೆಯದು. ಮನೆಯಿಂದ ತಂದಿದ್ದ ಚೌಕಳಿ ಟವಲಿನಿಂದ ಪಟ್ಟಿಯನ್ನು ಬಿಗಿದು ಗಂಟು ಹಾಕಿದೆ. ಸರಿಯಾಗಿ ಆ ಹೊತ್ತಿಗೆ ಚಾಚಾ ಅವರ ವಾಯ್ಸ್ ಮೆಸೇಜ್ ಬಂತು: "ಬ್ಯಾಗ್ ಹೆಂಗೈತಪ್ಪಾ?" ನಾನು ಉತ್ತರಿಸಿದೆ: "ಸೂಪರ್ ಚಾಚಾ! ಕಲ್ಲು ಥರ ಐತೆ!" ಕಳಿಸಿ, ಗಂಟನ್ನು ಇನ್ನೊಂದು ಸಲ ಬಿಗಿದೆ.

ಆ ಪಾಪಕ್ಕೆ ಪ್ರಾಯಶ್ಚಿತ್ತವೆಂದು ಪ್ರಾಗ್ ಬಿಟ್ಟ ರೈಲಿನಲ್ಲಿ ಸೀಟಿನ ಅಡಿಯ ಫೋಟೋ ತೆಗೆಯಲು ನೆಲದ ಮೇಲೆ ಅಂಗಾತ ಮಲಗಿದೆ. ಎದುರಿನ ಸೀಟಿನ ಅಜ್ಜಿ, ನಾನು ಏನೋ ಕಳೆದುಕೊಂಡಿದ್ದೇನೆಂದು ತಿಳಿದು ಕಾಲೆತ್ತಿ ಜಾಗ ಕೊಟ್ಟಳು. ಆಮೇಲೆ ಅವಳೂ ಬಗ್ಗಿದಳು. ಅವಳನ್ನು ನೋಡಿ ಪಕ್ಕದವನು ಫೋನಿನ ಲೈಟು ಹಾಕಿದ. ಐದು ನಿಮಿಷದಲ್ಲಿ ಅರ್ಧ ಬೋಗಿ ಮೊಣಕಾಲೂರಿ ಹುಡುಕುತ್ತಿತ್ತು. ಏನು ಕಳೆದಿದೆ ಎಂದು ಒಬ್ಬರೂ ಕೇಳಲಿಲ್ಲ! ಕೇಳದೆಯೇ ಹುಡುಕುವ ಇಂಥ ಜನಕ್ಕೆ "ಏನೂ ಕಳೆದಿಲ್ಲ" ಎಂದು ಯಾವ ಬಾಯಲ್ಲಿ ಹೇಳಲಿ? ಜೇಬಿನಿಂದ ಮೆಲ್ಲಗೆ ನನ್ನದೇ ಪೆನ್ನು ಜಾರಿಸಿ, "ಸಿಕ್ಕಿತು!" ಎಂದು ಎತ್ತಿ ತೋರಿಸಿದೆ. ಅಜ್ಜಿ ಚಪ್ಪಾಳೆ ತಟ್ಟಿದಳು. ಉಳಿದ ದಾರಿಯುದ್ದಕ್ಕೂ ಆ ಪೆನ್ನನ್ನು ಭದ್ರವಾಗಿ ಹಿಡಿದುಕೊಂಡಿರಬೇಕಾಯಿತು. ಅವಳು ನೋಡುತ್ತಲೇ ಇದ್ದಳು.

ಮತ್ತೆ ವಿಯೆನ್ನಾ

ಈಗ ಆ ಪಾರಿವಾಳದ ಹತ್ತಿರಕ್ಕೆ ವಾಪಸ್ ಬರೋಣ.

ವಿಚಾರಣೆಯ ಕೌಂಟರಿನಲ್ಲಿ ಗಡ್ಡದ ಯುವಕನೊಬ್ಬ ಕೂತಿದ್ದ. ನನ್ನ ಇಂಗ್ಲಿಷು ಭಯಕ್ಕೆ ಪೂರ್ತಿ ಒಣಗಿಹೋಗಿತ್ತು. ರೈಲು, ಬ್ಯಾಗು, ಕಾಫಿ ಎಂದು ಮೂರು ಪದವನ್ನು ಮೂರು ಸಲ ಹೇಳಿದೆ. ಅವನಿಗೆ ಎಲ್ಲ ಅರ್ಥವಾಯಿತು.

"ಯಾವ ಬಣ್ಣ?" ಎಂದು ಕೇಳಿದ.

"ಟ್ರ್ಯಾಕ್ಟರ್ ಸೀಟಿನ ಬಣ್ಣ," ಅಂದೆ.

ಅದನ್ನೇ ಬರೆದುಕೊಂಡ. "ಯಾವ ಕಂಪನಿಯದು?"

"ಶಿರಾ."

ಶ್ರದ್ಧೆಯಿಂದ ಕಂಪ್ಯೂಟರಿನಲ್ಲಿ ಶಿರಾ ಎಂದು ಹೊಡೆದು ಹುಡುಕಿದ. ಸಿಗಲಿಲ್ಲ. ಹೊಸ ಕಂಪನಿ ಇರಬೇಕು ಅಂದ. ಇನ್ನೇನಾದರೂ ಗುರುತು ಇದೆಯೇ ಎಂದು ಕೇಳಿದ. ಆಗ ನೆನಪಾಯಿತು. ಒಂದು ಹಾಳೆ ಇಸಿದುಕೊಂಡು, ದಪ್ಪಕ್ಷರದಲ್ಲಿ ಬರೆದೆ: ಮಂಜುನಾಥ, ಕೊಡಿಗೇನಹಳ್ಳಿ. ಯಾರಿಗೂ ಕಾಣದಿರಲೆಂದು ನಾಲ್ಕು ದಿನ ಗೋಡೆಗೆ ತಿರುಗಿಸಿಡುತ್ತಿದ್ದ ಅಕ್ಷರಗಳು. ಅವನು ಹಾಳೆಯ ಫೋಟೋ ತೆಗೆದು ರೈಲಿನಲ್ಲಿದ್ದ ಸಿಬ್ಬಂದಿಗೆ ಕಳಿಸಿದ.

ಹನ್ನೊಂದು ನಿಮಿಷ ಕಾದೆ. ಅಷ್ಟರಲ್ಲಿ ಮನೆದೇವರಿಂದ ಹಿಡಿದು ಶಿರಾದ ದರ್ಗಾದವರೆಗೆ ಎಲ್ಲರಿಗೂ ಹರಕೆ ಹೊತ್ತೆ. ಆಮೇಲೆ ಅವನ ಫೋನಿಗೆ ಒಂದು ಚಿತ್ರ ಬಂತು. ಕಿಟಕಿ ಪಕ್ಕ ನನ್ನ ಚೀಲ, ನಾನು ಕೂರಿಸಿದ ಹಾಗೇ ನೆಟ್ಟಗೆ ಕೂತು ಊರು ನೋಡುತ್ತಿತ್ತು. ಬೋಗಿ ತುಂಬಿತ್ತು. ಇಬ್ಬರು ಕಂಬಿ ಹಿಡಿದು ನಿಂತೇ ಇದ್ದರು. ಚೀಲವನ್ನು ಎತ್ತಿ ಕೆಳಗಿಟ್ಟು ಯಾರೂ ಕೂತಿರಲಿಲ್ಲ.

ನಮ್ಮ ಟವಲಿನ ಕಾನೂನು ಅಲ್ಲೂ ನಡೆಯುತ್ತಿತ್ತು!

"ದಾರಿಯಲ್ಲಿ ಸಿಗುವ ಲಿಂಜ್‌ನಲ್ಲಿ ಇಳಿಸಿ ಇಟ್ಟಿರುತ್ತಾರೆ. ಮುಂದಿನ ರೈಲಿಗೆ ಹೋಗು," ಅಂದ ಗಡ್ಡದ ಹುಡುಗ. ಆಮೇಲೆ ನನ್ನ ಕೈಯಲ್ಲಿದ್ದ ಕಪ್ಪನ್ನು ಮೆಲ್ಲಗೆ ಇಸಿದುಕೊಂಡು ತನ್ನ ಮೇಜಿನ ಮೇಲಿಟ್ಟ. "ಇದು ಇಲ್ಲೇ ಇರಲಿ."

ಲಿಂಜ್

ಮುಂದಿನ ರೈಲು ಬಂದ ಕೂಡಲೇ ಹತ್ತಿ, ಸೀಟಿಗೆ ಅಂಟಿಕೊಂಡೆ. ಮೂತ್ರಕ್ಕೂ ಏಳಲಿಲ್ಲ.

ಲಿಂಜ್ ನಿಲ್ದಾಣದಲ್ಲಿ ದಾರಿ ಕೇಳಿಕೊಂಡು ಹೋದ ಕೋಣೆ ಕಳೆದುಹೋದ ವಸ್ತುಗಳದ್ದು. ಕೊಡೆಗಳು, ಒಂದೊಂದೇ ಕೈಗವಸುಗಳು, ಒಂದು ಪಿಟೀಲು. ಅವುಗಳ ಮಧ್ಯೆ ಮೇಜಿನ ಮೇಲೆ ನನ್ನ ಚೀಲ, ಸಂತೆಗೆ ಬಂದ ಕೆಂಪು ಹೋರಿಯಂತೆ. ಹಿಂದೆ ಸುಮಾರು ಅರವತ್ತು ವರ್ಷದ ಒಬ್ಬ ಹೆಂಗಸು, ಕನ್ನಡಕ ದಾರದಲ್ಲಿ ಕಟ್ಟಿ ಕುತ್ತಿಗೆಗೆ ಇಳಿಬಿಟ್ಟಿದ್ದಳು. ಅವಳ ಮುಂದೆ ತಗಡಿನ ಬಿಸ್ಕತ್ ಡಬ್ಬ ತೆರೆದಿತ್ತು. ಬೆಳಗಿನಿಂದ ಏನೂ ತಿಂದಿರಲಿಲ್ಲ. ಒಂದು ಬಿಸ್ಕತ್ತಾದರೂ ಕೊಡುತ್ತಾಳೆಂದು ಆಸೆಯಿಂದ ನೋಡಿದೆ. ಟಪ್ಪನೆ ಮುಚ್ಚಿ ಡ್ರಾಯರಿಗೆ ಹಾಕಿಬಿಟ್ಟಳು. ಜಿಪುಣಿ ಅಂದುಕೊಂಡೆ, ದೇವರು ನನ್ನನ್ನು ಕ್ಷಮಿಸಲಿ.

ಹಾಳೆ ಕೊಟ್ಟು ಹೆಸರು ಬರೆ ಎಂದು ಸನ್ನೆ ಮಾಡಿದಳು. ಬರೆದೆ. ಕನ್ನಡಕ ಏರಿಸಿ, ಹಾಳೆಯ ಮೇಲೊಂದು ಬೆರಳು, ಚೀಲದ ಮೇಲೊಂದು ಬೆರಳಿಟ್ಟು ಒಂದೊಂದೇ ಅಕ್ಷರ ಹೋಲಿಸಿದಳು. ಒತ್ತಕ್ಷರದ ಹತ್ತಿರ ನಿಂತು, ಕೆಳಗಿನದ್ದನ್ನೂ ನೋಡಿ, ತಲೆಯಾಡಿಸಿ ಮುಂದೆ ಹೋದಳು. ನಮ್ಮ ಕನ್ನಡ ಮೇಷ್ಟ್ರೂ ನನ್ನ ಕಾಪಿಯನ್ನು ಅಷ್ಟು ಗೌರವದಿಂದ ತಿದ್ದಿರಲಿಲ್ಲ. ಕೊನೆಗೆ ಪಾಸ್‌ಪೋರ್ಟಿನ ಫೋಟೋಗೂ ನನ್ನ ಮುಖಕ್ಕೂ ಹೋಲಿಸಿ, ಚೀಲವನ್ನು ನನ್ನ ಕಡೆ ತಳ್ಳಿದಳು.

ಅಷ್ಟು ಕೃತಜ್ಞತೆಯನ್ನು ಇಂಗ್ಲಿಷಿನಲ್ಲಿ ಹೇಳುವುದು ನನಗೆ ಬರುವುದಿಲ್ಲ. ಮೇಜು ಸುತ್ತಿ ಹೋಗಿ ಕಾಲು ಮುಟ್ಟಲು ಬಗ್ಗಿದೆ. ಪಾಪ, ನಾನು ಏನೋ ಬೀಳಿಸಿಕೊಂಡೆನೆಂದು ಅವಳೂ ಬಗ್ಗಿದಳು. ಇಬ್ಬರ ತಲೆ ಟಣ್ ಎಂದು ಡಿಕ್ಕಿ ಹೊಡೆದವು. ಇಬ್ಬರೂ ಹಣೆ ಉಜ್ಜಿಕೊಳ್ಳುತ್ತಾ ನಕ್ಕೆವು. ಅಮ್ಮನ ನಿಪ್ಪಟ್ಟಿನ ಪೊಟ್ಟಣವನ್ನು ಪೂರ್ತಿ ಅವಳ ಕೈಗಿಟ್ಟೆ. ಒಂದು ಕಚ್ಚಿದಳು. ಕಣ್ಣಲ್ಲಿ ನೀರು ಬಂತು, ಮುಖ ಚೀಲದ ಬಣ್ಣಕ್ಕೆ ತಿರುಗಿತು. ಆದರೂ ಹೆಬ್ಬೆರಳೆತ್ತಿ ಇನ್ನೊಂದು ತೆಗೆದುಕೊಂಡಳು.

ಚೀಲದೊಳಗೆ ನನ್ನ ಚೌಕಳಿ ಟವಲು ನಾಲ್ಕು ಮಡಿಕೆಯಾಗಿ ಅಚ್ಚುಕಟ್ಟಾಗಿ ಕೂತಿತ್ತು. ಎಷ್ಟು ನೀಟಾದ ಜನ ಎಂದು ಮೆಚ್ಚಿಕೊಂಡೆ. ತಳದಿಂದ ಕುರಿ ವ್ಯಾಪಾರಿಯ ಸೊಂಟದ ಚೀಲ ಹುಡುಕಿ ತೆಗೆದು, ಪಾಸ್‌ಪೋರ್ಟು ಹಾಕಿ ಅಲ್ಲೇ ಕಟ್ಟಿಕೊಂಡೆ. ದೊಡ್ಡ ಚೀಲವನ್ನು ಬೆನ್ನಿಗೇರಿಸಿ ಹೊರಟೆ.

ಆಮೇಲಿನ ಊರುಗಳು

ಅದರಾಚೆಗಿನ ಇಪ್ಪತ್ತಾರು ದಿನ ನನಗೆ ದಾನವಾಗಿ ಸಿಕ್ಕವು. ಸಾಲ್ಜ್‌ಬರ್ಗಿನಲ್ಲಿ ಎರಡು ದಿನ ಮಳೆ ಹೊಯ್ದರೂ ಬೈಯಲಿಲ್ಲ. ಫೋನಿನಲ್ಲಿ ನೋಡಿದ್ದ ಕೆಂಪು ರೈಲನ್ನು ಸ್ವಿಟ್ಜರ್‌ಲೆಂಡಿನಲ್ಲಿ ಹತ್ತಿದೆ, ನೀಲಿ ಕೆರೆಯೂ ಬಂತು. ಬಂದಾಗ ನಾನು ಸೀಟಿನ ಅಡಿ ಮಲಗಿ ಹೊಲಿಗೆಯ ಫೋಟೋ ತೆಗೆಯುತ್ತಿದ್ದೆ. ಎದ್ದೇಳುವಷ್ಟರಲ್ಲಿ ಸುರಂಗ.

ಇಟಲಿಗೆ ಬಂದಾಗ ಜೀವ ತಣ್ಣಗಾಯಿತು. ರೈಲು ತಡವಾಗಿ ಬಂತು. ಹೆಂಗಸೊಬ್ಬಳು ಬಾಗಿಲಲ್ಲಿ ಒಂದು ಕಾಲಿಟ್ಟು, ಓಡಿಬರುತ್ತಿದ್ದ ಗಂಡನಿಗೂ ಕಾಯಲೊಪ್ಪದ ಗಾರ್ಡಿಗೂ ಒಟ್ಟಿಗೆ ಬೈದಳು. ಗಂಡ ಹತ್ತಿದ ಮೇಲೇ ರೈಲು ಹೊರಟಿತು. ಇಳಿದು ಹೋಗಿ ಅವಳ ಹೆಸರಲ್ಲಿ ಒಂದು ಟೀ ಕುಡಿಯೋಣ ಅನ್ನಿಸಿತು. ಇಳಿಯಲಿಲ್ಲ.

ಚೀಲವನ್ನು ಆಮೇಲೆ ಎಂದೂ ಗೋಡೆಗೆ ತಿರುಗಿಸಿ ಇಡಲಿಲ್ಲ. ಊರಿನ ಹೆಸರು ಜನಕ್ಕೆ ಕಾಣುವ ಹಾಗೇ ಇಟ್ಟೆ. ಲಿಂಜ್‌ನಿಂದಾಚೆ ಅದು ಹೆಗಲ ಮೇಲೆ ಅಲುಗಾಡದೆ ಕೂರುತ್ತಿತ್ತು. ಮನಸ್ಸು ಹಗುರಾಗಿದೆ, ಅದಕ್ಕೆ ಎಂದುಕೊಂಡೆ. ಟವಲನ್ನು ಮುಖ ಒರೆಸಲು ಇಟ್ಟುಕೊಂಡೆ. ಪಟ್ಟಿಗೆ ಕಟ್ಟಿದ್ದ ಟವಲು ಬಿಚ್ಚಿದ ಮೇಲೂ ಪಟ್ಟಿ ಹೇಗೆ ನಿಂತಿದೆ ಎಂಬ ಪ್ರಶ್ನೆ ಇಪ್ಪತ್ತಾರು ದಿನದಲ್ಲಿ ಒಂದು ಸಲವೂ ನನ್ನ ತಲೆಗೆ ಬರಲಿಲ್ಲ. ಸರಕಾರ ನನ್ನ ಕೈಗೆ ಡಿಪ್ಲೊಮಾ ಸರ್ಟಿಫಿಕೇಟ್ ಕೊಟ್ಟಿದೆ ಎಂಬುದನ್ನು ಇಲ್ಲಿ ನೆನಪಿಸುತ್ತೇನೆ.

ಶಿರಾ

ಊರಿಗೆ ಬಂದ ಮೂರನೇ ದಿನ ಚೀಲ ಹೊತ್ತು ಶಿರಾಕ್ಕೆ ಹೋದೆ. ಚಾಚಾ ಟೀ ತರಿಸಿ, ಫೋನು ಕೈಗೆ ತೆಗೆದುಕೊಂಡರು. ಹಿಮದ ಬೆಟ್ಟ ಬಂದರೆ ಬೆರಳಲ್ಲಿ ಸರಕ್ಕನೆ ತಳ್ಳಿದರು. ಸೀಟಿನ ಮೂಲೆ ಬಂದರೆ ದೊಡ್ಡದು ಮಾಡಿ, ಬಿಸಿಲಿಗೆ ಅಡ್ಡ ಕೈಹಿಡಿದು ನೋಡಿದರು. ಆಮೇಲೆ ನಿಟ್ಟುಸಿರು ಬಿಟ್ಟರು.

"ಎಲ್ಲಾ ಮಷೀನ್ದು ಬೇಟಾ. ಕೈ ಎಲ್ಲೂ ಕಾಣಲ್ವಲ್ಲೋ."

ಫೋನು ವಾಪಸ್ ಕೊಟ್ಟು ಚೀಲ ಎಳೆದುಕೊಂಡರು. ತಳ ತಟ್ಟಿದರು, ಪೈಪಿಂಗ್ ಸವರಿದರು. ಬಲಗಡೆಯ ಪಟ್ಟಿಯ ಬುಡಕ್ಕೆ ಬಂದಾಗ ಬೆರಳು ನಿಂತಿತು.

"ಇದು ನನ್ ಹೊಲಿಗೆ ಅಲ್ಲ."

ಬಗ್ಗಿ ನೋಡಿದೆ. ಬೂದಿ ಬಣ್ಣದ ಮೇಣದ ದಾರ, ಎಳ್ಳುಕಾಳಿನಷ್ಟು ಸಣ್ಣ ಸಣ್ಣ ಹೊಲಿಗೆ, ಹಳೆಯ ತೂತುಗಳಲ್ಲೇ ಹಾದು ಎರಡು ಸಾಲು ಹೋಗಿತ್ತು. ಲಿಂಜ್‌ನ ಡಬ್ಬ ನೆನಪಾಯಿತು. ನಮ್ಮ ಮನೆಯಲ್ಲೂ ಒಂದು ತಗಡಿನ ಬಿಸ್ಕತ್ ಡಬ್ಬ ಇದೆ. ಅದರಲ್ಲಿ ನಾನು ಹುಟ್ಟಿದಾಗಿನಿಂದ ಒಂದು ದಿನವೂ ಬಿಸ್ಕತ್ ಇದ್ದದ್ದಿಲ್ಲ. ಅಮ್ಮ ಸೂಜಿ ದಾರ ಇಡುತ್ತಾಳೆ.

ಎಲ್ಲ ಒಪ್ಪಿಕೊಂಡೆ. ಪ್ರಾಗಿನ ಮೆಟ್ಟಿಲು, ಕಲ್ಲು ಥರ ಐತೆ ಎಂದು ಹೇಳಿದ ಸುಳ್ಳು, ಕಾಫಿ, ಲಿಂಜ್‌ನ ಆ ಹೆಂಗಸು, ಮಡಚಿಟ್ಟಿದ್ದ ಟವಲು. ಅವಳಿಗೆ ಇದಕ್ಕಾಗಿ ಒಂದು ಥ್ಯಾಂಕ್ಸ್ ಕೂಡ ಹೇಳಿಲ್ಲ ಎಂಬುದನ್ನೂ ಹೇಳಿದೆ. ಚಾಚಾ ಬೈಯಲಿಲ್ಲ. ಪಟ್ಟಿಯನ್ನು ಕಣ್ಣ ಹತ್ತಿರ ಹಿಡಿದುಕೊಂಡೇ ಇದ್ದರು. ಟೀ ಮೇಲೆ ಕೆನೆ ಕಟ್ಟಿತು.

"ತಪ್ಪಾಯ್ತು ಚಾಚಾ. ಬಿಚ್ಚಾಕಿ ನೀವೇ ಹೊಲ್ದ್‌ಬುಡಿ," ಅಂದೆ.

"ಬಿಚ್ಚದಾ? ತಲೆ ಕೆಟ್ಟೈತಾ ನಿಂಗೆ?" ಚಾಚಾ ಚೀಲವನ್ನು ನನ್ನಿಂದ ದೂರಕ್ಕೆ, ತಮ್ಮ ತೊಡೆಯ ಮೇಲಕ್ಕೆ ಎಳೆದುಕೊಂಡರು. "ನಾನು ಫೋಟೋ ತಾ ಅಂದೆ, ನೀನು ಹೊಲಿಗೇನೇ ತಂದ್‌ಬುಟ್ಟಿದ್ದೀಯ. ಬ್ಯಾಗ್ನ ಜೋಪಾನ್ವಾಗ್ ಇಟ್ಕಂಡಿದ್ರೆ ಇದು ಬತ್ತಾನೇ ಇರ್ಲಿಲ್ಲ ಕಣೋ. ಇನ್ನೊಂದ್ಸಲ ಹೋದಾಗ್ಲೂ ಹಂಗೇ ಬುಟ್ಟು ಕಾಫಿ ಕುಡಿ."